ಕನ್ನಡಕ ಹಾಕಿದ ಹೆಣ್ಣುಹುಲಿ

ಚಿಕ್ಕಮ್ಮನ ಟೈಲರ್ ಅಂಗಡಿಗೆ ಎಂಬ್ರಾಯ್ಡರಿ ಮಷೀನು ಬಂದ ದಿನ ನಾನು ಬಾಗಿಲಿಗೆ ಅಡ್ಡಲಾಗಿ ನಿಂತು, ಎಡಗಾಲು ಮುಂದಿಟ್ಟು, ಒಂದು ಡೈಲಾಗ್ ಹೊಡೆದೆ.

"ಬೇರೆಯವರ ಸೂಜಿ ಒಂದು ಸಲ ಚುಚ್ಚುತ್ತೆ. ನಮ್ಮ ಸೂಜಿ ನಿಮಿಷಕ್ಕೆ ಆರುನೂರು ಸಲ ಚುಚ್ಚುತ್ತೆ. ತಡ್ಕೊಳ್ಳೋ ತಾಕತ್ತಿರೋ ಬಟ್ಟೆ ಮಾತ್ರ ಒಳಗೆ ಬರಲಿ!"

ಮಷೀನು ಹೊತ್ತಿದ್ದ ಚಿಕ್ಕಪ್ಪ ಮೆಟ್ಟಿಲ ಮೇಲೆ ನಿಂತಿದ್ದರು. ಕುತ್ತಿಗೆಯ ನರ ಉಬ್ಬಿತ್ತು.

"ಲೋ ಟ್ರೇಲರ್, ದಾರಿ ಬಿಡೋ. ಇನ್ನೊಂದು ನಿಮಿಷ ನಿಂತ್ರೆ ನನ್ನ ಬೆನ್ನುಮೂಳೆದು ಕ್ಲೈಮ್ಯಾಕ್ಸು."

ನನಗೆ ಟ್ರೇಲರ್ ಎಂದು ಹೆಸರಿಟ್ಟವರು ಅವರೇ. ಟ್ರೇಲರ್ ಭರ್ಜರಿ, ಪಿಕ್ಚರ್ ಮಾತ್ರ ಬಿಡುಗಡೆಯಾಗುವುದಿಲ್ಲ ಎಂದು ಅವರ ವಿಮರ್ಶೆ. ಪೂರ್ತಿ ಸುಳ್ಳೇನಲ್ಲ. ಫೋಟೋ ಸ್ಟುಡಿಯೋದಲ್ಲಿ ನನಗೆ ಕೆಲಸವಿತ್ತು. ಪಾಸ್‌ಪೋರ್ಟ್ ಫೋಟೋಗೆ ಬಂದವರಿಗೆಲ್ಲ "ಒಂದು ವಿಲನ್ ಲುಕ್ ಕೊಡಿ ಸಾರ್" ಎಂದು ಹೇಳಿ, ಒಂದೇ ವಾರದಲ್ಲಿ ಹದಿನೇಳು ಜನರ ಅರ್ಜಿ ವಾಪಸ್ ಬರುವಂತೆ ಮಾಡಿ, ಆ ಕೆಲಸ ಕಳೆದುಕೊಂಡೆ. ಚಪ್ಪಲಿ ಅಂಗಡಿಯಲ್ಲಿದ್ದಾಗ ಡಬ್ಬಿಗೆ ಎರಡೂ ಎಡಗಾಲಿನವನ್ನೇ ಹಾಕಿ ಕಳಿಸಿದೆ. ಅದು ತಮಾಷೆ ಎಂದು ಮಾಲೀಕರಿಗೆ ಕೊನೆಗೂ ಗೊತ್ತಾಗಲಿಲ್ಲ.

ಹಾಗಾಗಿ ಮನೆಯಲ್ಲಿ ತೀರ್ಮಾನವಾಗಿತ್ತು. ದೊಡ್ಡಪ್ಪನ ಪೈಪ್ ಅಂಗಡಿಗೆ ನನ್ನನ್ನು ಕಳಿಸುವುದು. ದೊಡ್ಡಪ್ಪ ನಕ್ಕಿದ್ದನ್ನು ಅವರ ಮದುವೆಯ ಫೋಟೋದಲ್ಲೂ ಯಾರೂ ಕಂಡಿಲ್ಲ. ಅಲ್ಲಿ ಒಂದು ಡೈಲಾಗ್ ಹೊಡೆದರೆ ಅದು ಪೈಪಿನ ಈ ತುದಿಯಿಂದ ಹೊಕ್ಕು ಆ ತುದಿಯಿಂದ ಹೊರಗೆ ಹೋಗುತ್ತದೆ, ಅಷ್ಟೇ. ಇನ್ನು ನಲವತ್ತು ವರ್ಷ ಅಲ್ಲಿ ಕೂತು ಜನರಿಗೆ ಮೊಣಕೈ ಪೈಪು ಕೊಡುತ್ತಾ ಮುದುಕನಾಗುವುದನ್ನು ನೆನೆಸಿಕೊಂಡರೆ ನನ್ನ ಬಾಯಿಂದ ಡೈಲಾಗೇ ಹೊರಡುತ್ತಿರಲಿಲ್ಲ.

ನನ್ನನ್ನು ಉಳಿಸಿದ್ದು ಮೌಸು. ಮಷೀನು ಕೊಟ್ಟವರ ಹತ್ತಿರ ಚಿಕ್ಕಮ್ಮ ನಾಲ್ಕು ದಿನ ಕಲಿತು ಬಂದಿದ್ದಳು. ದಾರ, ಸೂಜಿ, ರಿಂಗಿಗೆ ಬಟ್ಟೆ ಬಿಗಿಯುವುದು, ಎಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಇಪ್ಪತ್ತೈದು ವರ್ಷ ಕತ್ತರಿ ಹಿಡಿದ ಕೈಗೆ ಮೌಸ್ ಕೊಟ್ಟರೆ, ಗೆರೆ ಎಲ್ಲೋ ಹೋಗಿ ಹಳ್ಳಕ್ಕೆ ಬೀಳುತ್ತಿತ್ತು. ನಮ್ಮದೇ ಡಿಸೈನನ್ನು ಕಂಪ್ಯೂಟರಿನಲ್ಲಿ ಬರೆದು ಮಷೀನಿಗೆ ಅರ್ಥವಾಗುವಂತೆ ಮಾಡುವ ಡಿಜಿಟೈಸಿಂಗ್ ಕೆಲಸಕ್ಕೆ ಇನ್ನೊಂದು ಕೈ ಬೇಕಿತ್ತು. ನನ್ನ ಕೈ ಖಾಲಿ ಇತ್ತು.

ನಾನೇನೋ ಚಿತ್ರ ಕೊಟ್ಟು ಗುಂಡಿ ಒತ್ತಿದರೆ ಮುಗಿಯಿತು ಎಂದುಕೊಂಡಿದ್ದೆ. ಹಾಗೆ ಒತ್ತಲು ಒಂದು ಗುಂಡಿ ಇದೆ ಕೂಡ. ಒಂದು ಮೀನು ಬರೆದು, ಮೊಬೈಲಿನಲ್ಲಿ ಅದರ ಫೋಟೋ ತೆಗೆದು, ಒತ್ತಿದೆ. ಮಷೀನು ಮೀನನ್ನು ಹೊಲಿಯಿತು. ಮೀನಿನ ಹಿಂದಿದ್ದ ಬಿಳಿ ಕಾಗದವನ್ನೂ ಹೊಲಿಯಿತು. ಕಾಗದದ ಮೇಲೆ ಬಿದ್ದಿದ್ದ ನನ್ನ ಹೆಬ್ಬೆರಳಿನ ನೆರಳನ್ನೂ ಬಿಡದೆ ಹೊಲಿಯಿತು. ಮೂವತ್ತೆಂಟು ಸಾವಿರ ಹೊಲಿಗೆ! ಕೊನೆಗೆ ಟಪ್ ಎಂದು ಸೂಜಿ ಮುರಿದಾಗ ಬಟ್ಟೆ ರಟ್ಟಾಗಿತ್ತು.

ಚಿಕ್ಕಪ್ಪ ಅದನ್ನು ಬೆರಳಲ್ಲಿ ತಟ್ಟಿ ನೋಡಿದರು. ಟಕ್ ಟಕ್ ಎಂದಿತು. "ಪೊಲೀಸ್‌ನೋರಿಗೆ ಕೊಡು. ಗುಂಡು ತಾಗಲ್ಲ."

"ಮಷೀನಿಗೆ ಮೀನು ಅಂದ್ರೆ ಗೊತ್ತೇನೋ?" ಎಂದಳು ಚಿಕ್ಕಮ್ಮ. "ಅದಕ್ಕೆ ಗೊತ್ತಿರೋದು ಇಷ್ಟೇ. ಈಗ ಇಲ್ಲಿ ಚುಚ್ಚು, ಆಮೇಲೆ ಅಲ್ಲಿ ಚುಚ್ಚು. ದಾರಿ ತೋರಿಸ್ಬೇಕಾದೋನು ನೀನು."

"ಅಂದ್ರೆ ನಾನು ಡೈರೆಕ್ಟರ್ರು!"

"ಏನಾದ್ರೂ ಆಗು. ಸೂಜಿ ಮುರೀಬೇಡ."

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಮೌಸ್ ಹಿಡಿದು ಒಂದೊಂದೇ ತುಂಡನ್ನು ಬರೆಯತೊಡಗಿದೆ. ಮೊದಲು ಅಡಿಹೊಲಿಗೆ. ಅದು ಜೂನಿಯರ್ ಆರ್ಟಿಸ್ಟ್ ಇದ್ದ ಹಾಗೆ, ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಇಲ್ಲದಿದ್ದರೆ ಹೀರೋ ಸಂತೆಯ ಸೀನಿನಲ್ಲಿ ಒಬ್ಬನೇ ನಿಂತಿರುತ್ತಾನೆ. ಅದರ ಮೇಲೆ ತುಂಬುಹೊಲಿಗೆ. ಕೊನೆಗೆ ಅಂಚು. ಹಿಂದಿನದು ಮೊದಲು, ಮುಂದಿನದು ಆಮೇಲೆ; ಉಲ್ಟಾ ಆದರೆ ಮೀಸೆಯ ಮೇಲೆ ಮುಖ ಬರುತ್ತದೆ. ಗುಂಡಗೆ ಬರೆದ ಕಣ್ಣು ಬಟ್ಟೆಯ ಮೇಲೆ ಮೊಟ್ಟೆಯಾಗುತ್ತಿತ್ತು, ಯಾಕೆಂದರೆ ಹೊಲಿಗೆ ಬಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಬರೆಯುವಾಗಲೇ ಅಡ್ಡಕ್ಕೆ ಒಂದಿಷ್ಟು ಹೆಚ್ಚು ಬರೆಯಬೇಕು. ಸುಳ್ಳು ಬರೆದರೆ ಸತ್ಯ ಬರುವ ಜಾಗ ಜಗತ್ತಿನಲ್ಲಿ ಇದೊಂದೇ ಇರಬೇಕು. ನನಗಾಗಿಯೇ ಮಾಡಿದ ಕಸುಬು!

ಎಂಟನೆಯ ಮೀನು ಮೀನಿನ ಹಾಗೇ ಬಂತು. ಖುಷಿಯಲ್ಲಿ ಅದನ್ನು ಚಿಕ್ಕಪ್ಪನ ಹೊಸ ಟೀ ಶರ್ಟಿನ ಎದೆಗೆ ಹೊಲಿದು, ಮಡಚಿ, ಕೈಯಲ್ಲಿಟ್ಟೆ. ಚಿಕ್ಕಪ್ಪ ಲಿಫ್ಟ್ ರಿಪೇರಿ ಮೆಕ್ಯಾನಿಕ್, ಇಡೀ ದಿನ ಮೇಲೆ ಕೆಳಗೆ ಹೋಗುವವರು. ಸಡಗರದಿಂದ ಶರ್ಟಿನೊಳಗೆ ತಲೆ ತೂರಿಸಿದರು. ತಲೆ ಶರ್ಟಿನ ಎದೆಯ ಹತ್ತಿರ ನಿಂತಿತು. ಎರಡೂ ಕೈ ಮೇಲಕ್ಕಿದ್ದವು.

"ಏನೋ ಇದು, ಲಿಫ್ಟ್ ಎರಡನೇ ಮಹಡೀಲಿ ನಿಂತೋಯ್ತು!" ಎಂದು ಒಳಗಿನಿಂದ ದನಿ ಬಂತು.

ರಿಂಗಿಗೆ ಬಿಗಿಯುವಾಗ ಶರ್ಟಿನ ಬೆನ್ನನ್ನು ಪಕ್ಕಕ್ಕೆ ಸರಿಸಬೇಕು. ನಾನು ಸರಿಸಿರಲಿಲ್ಲ. ಮೀನು ಎದೆಯನ್ನೂ ಬೆನ್ನನ್ನೂ ಒಂದು ಮಾಡಿ ಹೊಲಿದುಬಿಟ್ಟಿತ್ತು. ಚಿಕ್ಕಮ್ಮ ನಗುತ್ತಾ ನಗುತ್ತಾ ಕತ್ತರಿ ತಂದಳು. ಚಿಕ್ಕಪ್ಪ ಹೊರಬಂದು ನನ್ನನ್ನೇ ನೋಡಿದರು. "ಸೋಮವಾರ ದೊಡ್ಡಪ್ಪಂಗೆ ಫೋನ್ ಮಾಡ್ತೀನಿ," ಎಂದರು.

ಅದೇ ಹೊತ್ತಿಗೆ ಕ್ಯಾಪ್ಟನ್ ಬಂದರು.

ಕ್ಯಾಪ್ಟನ್ ಅಂದರೆ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನವರು, ಅಲ್ಲಿಯ ಹೆಂಗಸರ ಹಗ್ಗಜಗ್ಗಾಟದ ತಂಡಕ್ಕೆ ನಾಯಕಿ. ದಪ್ಪ ಚೌಕಟ್ಟಿನ ಕನ್ನಡಕ, ನೆತ್ತಿಯ ಮೇಲೆ ತುರುಬು, ತುರುಬಿಗೆ ಅಡ್ಡಲಾಗಿ ಚುಚ್ಚಿದ ಪೆನ್ನು. ಪಾರ್ಸೆಲ್ಲನ್ನು ಕಣ್ಣಲ್ಲೇ ತೂಗುತ್ತಾರೆ ಎಂದು ಪ್ರತೀತಿ. ಎಂಟು ಜಾಕೆಟ್ ತಂದಿದ್ದರು. ಭಾನುವಾರ ಬ್ಯಾಂಕಿನ ಹೆಂಗಸರ ಜೊತೆ ಪಂದ್ಯ. ನಾಲ್ಕು ವರ್ಷದಿಂದ ಬ್ಯಾಂಕಿನವರೇ ಗೆಲ್ಲುತ್ತಿದ್ದಾರೆ.

"ಎದೆ ಮೇಲೆ ಒಂದು ಹೆಣ್ಣುಹುಲಿ ಬೇಕು ಕಣ್ರೀ. ನೋಡಿದ ತಕ್ಷಣ ಬ್ಯಾಂಕಿನೋರ ಕೈಲಿ ಬೆವರು ಬರ್ಬೇಕು," ಎಂದವರು ನನ್ನ ಕಡೆ ತಿರುಗಿದರು. "ಇವನಾ ಮಾಡೋದು?"

"ಇವನೇ ಮೇಡಂ," ಎಂದಳು ಚಿಕ್ಕಮ್ಮ.

ನನ್ನನ್ನು ಮೇಲಿಂದ ಕೆಳಗೆ ತೂಗಿದರು. "ಪ್ಯಾಕಿಂಗ್ ಸಡಿಲ ಇದೆ."

ಅವರು ಹೋದ ಮೇಲೆ ಚಿಕ್ಕಮ್ಮ ಕಂಪ್ಯೂಟರಿನ ಮುಂದಿದ್ದ ಕುರ್ಚಿಯನ್ನು ತೋರಿಸಿದಳು. "ನೋಡು, ಈ ಎಂಟು ಜಾಕೆಟ್ಟು ನೆಟ್ಟಗೆ ಹೋದ್ರೆ ಈ ಕುರ್ಚಿ ನಿಂದು. ಯಾರೂ ಎಬ್ಬಿಸಲ್ಲ. ಇಲ್ಲಾಂದ್ರೆ ಸೋಮವಾರದಿಂದ ಪೈಪು. ನಾನೂ ಅಡ್ಡ ಬರಲ್ಲ."

ಮೂರು ದಿನ ಹುಲಿ ಬರೆದೆ. ಮೊದಲನೆಯದು ಕುಂಬಳಕಾಯಿ ನುಂಗಿದ ಬೆಕ್ಕು. ಎರಡನೆಯದಕ್ಕೆ ಹಲ್ಲುನೋವು. ಐದನೆಯದು ಹುಲಿಯೇ, ಆದರೆ ಯಾರದೋ ಹತ್ತಿರ ಕ್ಷಮೆ ಕೇಳುತ್ತಿತ್ತು. ಆರನೆಯದು ಬಂತು ನೋಡಿ, ಹುಬ್ಬು ಗಂಟಿಕ್ಕಿ, ಬಾಯಿ ತೆರೆದು, ಮೀಸೆಯ ಒಂದೊಂದು ಕೂದಲೂ ಈಟಿ. ಹಳೆಯ ಬಟ್ಟೆಯ ಮೇಲೆ ಹೊಲಿದು ತೋರಿಸಿದೆ. ಚಿಕ್ಕಮ್ಮ ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡಿದಳು. ದಾರದ ಗಂಟುಗಳಿಲ್ಲ. "ಹೂಂ," ಎಂದಳು. ಅವಳ ಬಾಯಲ್ಲಿ "ಹೂಂ" ಅಂದರೆ ನೂರು ದಿನ ಓಡಿದ ಪಿಕ್ಚರ್.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ನನ್ನ ಕೈಗೆ ತುರಿಕೆ. ಅದೇ ಹುಲಿಗೆ ದಪ್ಪ ಚೌಕಟ್ಟಿನ ಕನ್ನಡಕ ಬರೆದೆ. ನೆತ್ತಿಗೆ ಒಂದು ತುರುಬು ಇಟ್ಟೆ. ತುರುಬಿಗೆ ಪೆನ್ನು ಚುಚ್ಚಿದೆ. ಹುಬ್ಬು, ಬಾಯಿ ಏನನ್ನೂ ಮುಟ್ಟಲಿಲ್ಲ, ಆದರೂ ಹುಲಿ ಪಾರ್ಸೆಲ್ ತೂಗುವ ಹಾಗೆ ನನ್ನನ್ನು ನೋಡತೊಡಗಿತು. ಕುರ್ಚಿಯಿಂದ ಬೀಳುವಷ್ಟು ನಕ್ಕೆ. ಚಿಂದಿಯ ಮೇಲೆ ಹೊಲಿದು ಚಿಕ್ಕಮ್ಮನನ್ನು ನಗಿಸೋಣ ಎಂದು, ಅದನ್ನೂ ಅದೇ ಪೆನ್‌ಡ್ರೈವಿಗೆ ಹಾಕಿಟ್ಟೆ.

ಗುರುವಾರ ಬೆಳಿಗ್ಗೆ ಮೊದಲ ಜಾಕೆಟ್ಟು. ಬಟ್ಟೆಯ ಕೆಳಗೆ ಕಾಗದ ಇಟ್ಟು, ಬೆನ್ನನ್ನು ಪಕ್ಕಕ್ಕೆ ಸರಿಸಿ, ಅದನ್ನು ಮೂರು ಸಲ ಮುಟ್ಟಿ ನೋಡಿ, ರಿಂಗು ಬಿಗಿದೆ. ಮಷೀನಿನ ಪರದೆ ಬೆಂಕಿಪೊಟ್ಟಣದಷ್ಟು. ಅದರಲ್ಲಿ ಏಳು ಹುಲಿಗಳು ಹೆಸರಿಲ್ಲದೆ, ಒಂದೊಂದೂ ಹುಣಸೆಬೀಜದಷ್ಟು ಗಾತ್ರದಲ್ಲಿ, ಸಾಲಾಗಿ ಕೂತಿದ್ದವು. ಕೊನೆಯದೇ ಒಳ್ಳೆಯದು ಎಂಬ ನೆನಪಿನಲ್ಲಿ ಕೊನೆಯದನ್ನು ಒತ್ತಿದೆ.

ಕಿತ್ತಳೆ ಬಣ್ಣದ ಮೈ ಬಂತು. ದಾರ ಬದಲಿಸಿದೆ. ಬಿಳಿ ಕೆನ್ನೆ ಬಂತು. ಮತ್ತೆ ಬದಲಿಸಿದೆ. ಕೆಂಪು ಬಾಯಿ. ಇಲ್ಲಿಯವರೆಗೆ ಎರಡು ಹುಲಿಗೂ ಕಥೆ ಒಂದೇ, ವ್ಯತ್ಯಾಸ ಇರುವುದು ಕಪ್ಪಿನಲ್ಲಿ ಮಾತ್ರ. ಕೊನೆಯ ಕಪ್ಪು ದಾರ ಪೋಣಿಸಿ ಗುಂಡಿ ಒತ್ತಿದೆ. ಮಷೀನು ಓಡುವಾಗ ಬಿಟ್ಟು ಹೋಗಬಾರದು ಎಂದು ಚಿಕ್ಕಮ್ಮ ಗೋಡೆಯ ಮೇಲೆ ಬರೆದು ಅಂಟಿಸಿದ್ದಾಳೆ. ಅವಳು ಒಳಗಿನ ಕೋಣೆಯಲ್ಲಿ ಅಳತೆ ತೆಗೆಯುತ್ತಿದ್ದಳು. ಪಕ್ಕದ ವಾಚ್ ರಿಪೇರಿಯವರಿಗೆ ಒಂದೇ ಒಂದು ಡೈಲಾಗ್ ಹೇಳಿ ಬರೋಣವೆಂದು ನಾನು ಹೊರಗೆ ಜಿಗಿದೆ.

"ಕಾಡಲ್ಲಿ ಹುಲಿ ಹುಟ್ಟೋಕೆ ತಿಂಗಳುಗಟ್ಟಲೆ ಬೇಕು. ನನ್ನ ಹತ್ರ ಇಪ್ಪತ್ತೈದು ನಿಮಿಷ ಸಾಕು!"

"ಹಾಗಿದ್ರೆ ಹೋಗಿ ಹೆರಿಗೆ ನೋಡ್ಕೊಳಪ್ಪ," ಎಂದರು ಅವರು, ಕಣ್ಣಿನಿಂದ ಭೂತಗನ್ನಡಿ ತೆಗೆಯದೆ. "ನಿಮ್ಮ ಅಂಗಡಿಗೆ ಯಾರೋ ಹೋದ್ರು."

ಓಡಿಬಂದೆ. ಮಷೀನಿನ ಮುಂದೆ ಸ್ಟೂಲು ಹಾಕಿಕೊಂಡು, ಎರಡೂ ಕೈ ಮೊಣಕಾಲ ಮೇಲಿಟ್ಟು, ಕ್ಯಾಪ್ಟನ್ ಕೂತಿದ್ದರು. ಸೂಜಿ ಕನ್ನಡಕದ ಬಲಗಣ್ಣು ಮುಗಿಸಿ, ಮೂಗಿನ ಮೇಲೆ ಹಾದು, ಎಡಗಣ್ಣಿಗೆ ಬಂದಿತ್ತು. ಕ್ಯಾಪ್ಟನ್ ಅಲುಗಾಡಲಿಲ್ಲ. ಸೂಜಿ ಮೇಲೆ ಹೋಗಿ ತುರುಬು ಸುತ್ತಿತು. ಅವರ ಕೈ ನಿಧಾನವಾಗಿ ತಮ್ಮ ತಲೆಗೆ ಹೋಯಿತು. ಸೂಜಿ ತುರುಬಿಗೆ ಅಡ್ಡಲಾಗಿ ಪೆನ್ನು ಹೊಲಿಯಿತು. ಅವರು ತಮ್ಮ ಪೆನ್ನನ್ನು ಮುಟ್ಟಿ ನೋಡಿಕೊಂಡರು.

ಕಟ್ ಎಂದು ದಾರ ಕತ್ತರಿಸಿ ಮಷೀನು ನಿಂತಿತು.

ಒಳಗಿಂದ ಚಿಕ್ಕಮ್ಮ ಬಂದಳು. ಜಾಕೆಟ್ ನೋಡಿದಳು. ಕ್ಯಾಪ್ಟನ್ ಮುಖ ನೋಡಿದಳು. ಮತ್ತೆ ಜಾಕೆಟ್ ನೋಡಿದಳು. ಅಳತೆ ಟೇಪು ಕುತ್ತಿಗೆಯಿಂದ ಜಾರಿ ಬಿತ್ತು.

"ಬಿಚ್ಚಿಬಿಡ್ತೀನಿ ಮೇಡಂ! ಈಗ್ಲೇ ಬಿಚ್ತೀನಿ!"

"ಬಿಚ್ಚಕ್ಕೆ ಆಗಲ್ಲ ಚಿಕ್ಕಮ್ಮ," ಎಂದೆ ಸಣ್ಣ ದನಿಯಲ್ಲಿ. "ಹನ್ನೊಂದು ಸಾವಿರ ಹೊಲಿಗೆ. ತೆಗೆದ್ರೆ ಬಟ್ಟೆ ಜರಡಿ ಆಗುತ್ತೆ."

"ನೀನು ಬಾಯಿ ಮುಚ್ಚು! ಇದೇನೋ ಇದು, ಹೆಣ್ಣುಹುಲಿ ಮಾಡು ಅಂದ್ರೆ ಹೆಡ್‌ಮೇಡಂ ಮಾಡಿದ್ದೀಯ!"

ಕ್ಯಾಪ್ಟನ್ ಕೈ ಎತ್ತಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಗ್ಗಿ ನೋಡಿದರು.

"ನಾನು ಹೀಗೇ ನೋಡ್ತೀನಾ?"

ಸತ್ಯ ಹೇಳಬೇಕೋ ಬದುಕಬೇಕೋ ತಿಳಿಯಲಿಲ್ಲ. "ಪಾರ್ಸೆಲ್ ಸರಿಯಾಗಿ ಕಟ್ಟಿಲ್ಲದಾಗ, ಮೇಡಂ."

"ಅದಕ್ಕೇ ಜನ ಹಿಂದೆ ಮುಂದೆ ನೋಡದೆ ಓಡಿಹೋಗಿ ಮತ್ತೆ ಕಟ್ಕೊಂಡ್ ಬರ್ತಾರೆ," ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಅವರ ಮುಖದಲ್ಲಿ ಏನೋ ಹರಡಿತು. ನೋಡಿದರೆ, ಅದು ಹೆಮ್ಮೆ! "ಎಂಟಕ್ಕೂ ಇದೇ ಹಾಕು."

ನಾನು ಬದುಕಿದೆ ಎಂದುಕೊಂಡೆ. ಬದುಕಿದ್ದು ಮಧ್ಯಾಹ್ನದವರೆಗೆ. ಊಟದ ಬಿಡುವಿಗೆ ತಂಡದ ಉಳಿದ ಏಳು ಜನ ಅಂಗಡಿಗೆ ನುಗ್ಗಿದರು. ಮುಂದೆ ಇದ್ದವರು ಆಂಕರ್, ಹಗ್ಗದ ಕೊನೆಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುವವರು. ಅವರು ಬಾಗಿಲಲ್ಲಿ ನಿಂತರೆ ಅಂಗಡಿಗೆ ಸಂಜೆಯಾಗುತ್ತದೆ.

"ಕೌಂಟರ್ ಹಿಂದೆ ಎಂಟು ಗಂಟೆ ಇವಳ ಮುಖಾನೇ ನೋಡೋದು. ಇನ್ನು ಎದೆ ಮೇಲೂ ಹೊತ್ಕೊಂಡು ತಿರುಗ್ಬೇಕಾ?" ಎಂದರು ಆಂಕರ್.

"ನಾನು ಕ್ಯಾಪ್ಟನ್ ಕಣೇ," ಎಂದರು ಹಿಂದೆಯೇ ಓಡಿಬಂದ ಕ್ಯಾಪ್ಟನ್.

"ಹಗ್ಗ ಎಳೆಯೋದು ಯಾರು? ನೀನು ಬರೀ ಒಂದು ಎರಡು ಅಂತ ಎಣಿಸ್ತೀಯ. ನನ್ನ ಜಾಕೆಟ್ಟಿಗೆ ನನ್ನ ಮುಖ ಬೇಕು."

"ಹಾಗಾದ್ರೆ ನನಗೂ ನಂದೇ!" ಎಂದರು ಸ್ಟಾಂಪ್ ಕೌಂಟರಿನವರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದ್ದರಿಂದ ಏನೂ ಕೇಳಲಿಲ್ಲ.

ಗದ್ದಲ ಅಡಗಿದಾಗ ಚಿಕ್ಕಮ್ಮ ನನ್ನ ಕಿವಿ ಹಿಡಿದಿದ್ದಳು. "ಏಳು ಮುಖ. ಶನಿವಾರ ಸಂಜೆ ಒಳಗೆ. ಒಬ್ಬರು ಮೂಗು ಮುರಿದ್ರೂ ದೊಡ್ಡಪ್ಪನ ಅಂಗಡಿ. ತಿಳೀತಾ?"

ತಮಾಷೆ ಮಾಡುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಒಂದು ಸಲ ನಗಿಸಿದ್ದನ್ನು ಏಳು ಸಲ ಗಂಭೀರವಾಗಿ ಮಾಡಬೇಕು. ಒಬ್ಬೊಬ್ಬರೇ ಬಂದು ಸ್ಟೂಲಿನ ಮೇಲೆ ಕೂತರು. "ಗಲ್ಲ ಒಂದೇ ಸಾಕಪ್ಪ," ಎಂದರು ಆಂಕರ್. "ಹತ್ತು ವರ್ಷದ ಹಿಂದಿನ ಮುಖ ಹಾಕು, ಫೋಟೋ ತಂದಿದ್ದೀನಿ," ಎಂದರು ಇನ್ನೊಬ್ಬರು. ಸ್ಟಾಂಪ್ ಕೌಂಟರಿನವರಿಗೆ ಮೂಗಿನ ಪಕ್ಕದ ಮಚ್ಚೆ ಬೇಡ. ಸರಿ ಎಂದು ತೆಗೆದರೆ, "ಅಯ್ಯೋ, ಇದು ನಮ್ಮ ನಾದಿನಿ ಥರ ಕಾಣುತ್ತಲ್ಲೋ, ಮಚ್ಚೆ ವಾಪಸ್ ಹಾಕು!"

ಎಲ್ಲವನ್ನೂ ಬರೆಯಲು ಹೋದೆ. ಕಣ್ಣು, ರೆಪ್ಪೆ, ಕೆನ್ನೆಯ ಗುಳಿ, ಹಣೆಯ ಗೆರೆ. ಚಿಂದಿಯ ಮೇಲೆ ಹೊಲಿದರೆ, ಹುಲಿ ಮುಖದ ತುಂಬ ಇರುವೆ ಮುತ್ತಿದ ಹಾಗಿತ್ತು. ಎರಡು ಸೂಜಿ ಮುರಿದವು. ಶುಕ್ರವಾರ ಮಧ್ಯಾಹ್ನದವರೆಗೆ ಒಂದು ಮುಖವೂ ಸರಿಯಾಗಲಿಲ್ಲ. ನಾನು ಡೈಲಾಗ್ ಹೊಡೆಯುವುದನ್ನು ನಿಲ್ಲಿಸಿದೆ. ಅದನ್ನು ಕಂಡು ಚಿಕ್ಕಪ್ಪನಿಗೇ ಗಾಬರಿಯಾಯಿತು. "ಹುಡುಗಂಗೆ ಜ್ವರ ಏನಾದ್ರೂ ಇದೆಯಾ ನೋಡೇ," ಎಂದರು.

ಚಿಕ್ಕಮ್ಮ ಹಣೆ ಮುಟ್ಟಲಿಲ್ಲ. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು ಪರದೆ ನೋಡಿದಳು.

"ಕ್ಯಾಪ್ಟನ್ ಮುಖ ಹೆಂಗೆ ಬಂತು ನಿಂಗೆ?"

"ಅವರ ಮುಖ ಬರೆದೇ ಇಲ್ಲ ಚಿಕ್ಕಮ್ಮ. ಕನ್ನಡಕ, ತುರುಬು, ಪೆನ್ನು ಅಷ್ಟೇ."

"ಮತ್ತೆ? ಅಂಗಡಿಗೆ ಬರೋರನ್ನ ನಾನು ಬಾಗಿಲಲ್ಲೇ ಗುರುತು ಹಿಡೀತೀನಿ. ಮೂಗಿನ ಉದ್ದ ಅಳೆದು ಹಿಡೀತೀನಾ? ಒಬ್ಬರದು ಭುಜ, ಒಬ್ಬರದು ನಡಿಗೆ. ಒಬ್ಬೊಬ್ಬರಿಗೂ ಒಂದೇ ಒಂದು ಹುಡುಕು. ಉಳಿದಿದ್ದು ಹುಲಿಗೆ ಬಿಡು."

ಹುಡುಕಿದೆ. ಆಂಕರಿಗೆ ಎರಡು ಹುಬ್ಬೂ ಸೇರಿ ಒಂದೇ ಹುಬ್ಬು. ಸ್ಟಾಂಪ್ ಕೌಂಟರಿನವರಿಗೆ ಮಚ್ಚೆ. ಒಬ್ಬರಿಗೆ ಗುಂಗುರು ಕೂದಲು, ಒಬ್ಬರಿಗೆ ಮುಂದಿನ ಹಲ್ಲಿನ ಸಂದು, ಒಬ್ಬರಿಗೆ ಯಾವಾಗಲೂ ಬಾಯಲ್ಲಿರುವ ರಬ್ಬರ್ ಬ್ಯಾಂಡು. ಸದಾ ನಿದ್ದೆಗಣ್ಣಿನವರಿಗೆ ಹುಲಿಯ ರೆಪ್ಪೆಯನ್ನು ಅರ್ಧ ಇಳಿಸಿದೆ. ಹತ್ತು ವರ್ಷದ ಹಿಂದಿನ ಮುಖ ಕೇಳಿದವರಿಗೆ ಆ ಫೋಟೋದಲ್ಲಿದ್ದ ಎರಡು ಜಡೆ ಹಾಕಿದೆ. ಶನಿವಾರ ಸಂಜೆ ಐದಕ್ಕೆ ಎಂಟು ಹುಲಿಗಳು ತಂತಿಯ ಮೇಲೆ ನೇತಾಡುತ್ತಿದ್ದವು. ಯಾರೂ ಮೂಗು ಮುರಿಯಲಿಲ್ಲ. ಆಂಕರ್ ತಮ್ಮ ಹುಲಿಯನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ಹೋದರು.

"ಕುರ್ಚಿ ನಂದಾ?" ಎಂದೆ.

"ನಾಳೆ ಪಂದ್ಯ ಮುಗೀಲಿ," ಎಂದಳು ಚಿಕ್ಕಮ್ಮ. "ನಿನ್ನ ಹುಲಿಯಿಂದ ಅವರ ಮರ್ಯಾದೆ ಹೋದ್ರೆ ನನ್ನ ಅಂಗಡಿ ಮರ್ಯಾದೇನೂ ಹೋಯ್ತು."

ಭಾನುವಾರ ಮೈದಾನದಲ್ಲಿ ನಾವು ಮೂವರೂ ಮುಂದಿನ ಸಾಲಿನಲ್ಲಿ ಕೂತೆವು. ಬ್ಯಾಂಕಿನವರು ನೀಲಿ ಜಾಕೆಟ್ಟಿನಲ್ಲಿ, ಎದೆಯ ಮೇಲೆ ಏನೂ ಇಲ್ಲದೆ, ಕಬ್ಬಿಣದ ಬೀರುಗಳ ಹಾಗೆ ಸಾಲಾಗಿ ನಿಂತರು. ಹಗ್ಗ ಎತ್ತಿದರು. ಸೀಟಿ ಊದುವ ಮೊದಲು ಎದುರಾಳಿಯನ್ನು ದುರುಗುಟ್ಟಿ ನೋಡುವುದು ಅವರ ಪದ್ಧತಿ. ನೋಡಿದರು.

ಕ್ಯಾಪ್ಟನ್ ಕನ್ನಡಕದಿಂದ ಅವರನ್ನು ನೋಡುತ್ತಿದ್ದರು. ಅವರ ಎದೆಯ ಮೇಲಿನ ಹುಲಿಯೂ ಕನ್ನಡಕದಿಂದ ನೋಡುತ್ತಿತ್ತು. ಅದರ ಹಿಂದೆ ಹಲ್ಲಿನ ಸಂದಿನ ಹುಲಿ, ಅದರ ಹಿಂದೆ ರಬ್ಬರ್ ಬ್ಯಾಂಡ್ ಕಚ್ಚಿದ ಹುಲಿ.

ಅಂಪೈರ್ ಸೀಟಿ ಊದಿದರು. ಬ್ಯಾಂಕಿನ ಮೊದಲನೆಯವಳು "ಫುಸ್ಸ್" ಎಂದಳು. ಎರಡನೆಯವಳು ಏನು ಎಂದು ತಲೆ ಓರೆ ಮಾಡಿ ನೋಡಿ, ಹಗ್ಗ ಹಿಡಿದುಕೊಂಡೇ ಕುಸಿದಳು. ನಗು ಹಗ್ಗದ ಉದ್ದಕ್ಕೂ ಹರಿಯಿತು. ನಗುವವರ ಕೈಯಲ್ಲಿ ಬಲ ಎಲ್ಲಿ ಉಳಿಯುತ್ತದೆ? ಆಂಕರ್ ನಾಲ್ಕು ಹೆಜ್ಜೆ ಹಿಂದೆ ನಡೆದರು, ಎಮ್ಮೆಯನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋಗುವ ಹಾಗೆ, ಸಲೀಸಾಗಿ. ಮೊದಲ ಎಳೆತ ಅಂಚೆಯವರದು.

"ಮೋಸ! ಇದು ಮೋಸ!" ಎಂದು ಬ್ಯಾಂಕಿನ ನಾಯಕಿ ಅಂಪೈರ್ ಹತ್ತಿರ ಓಡಿದಳು. "ಆ ಜಾಕೆಟ್ ಬಿಚ್ಚಿಸಿ ಸಾರ್!"

ಚಿಕ್ಕಮ್ಮ ನನ್ನ ಮುಂಗೈ ಹಿಡಿದಳು. ಅವಳ ಉಗುರು ಚರ್ಮಕ್ಕೆ ಇಳಿಯಿತು. ಅಂಪೈರ್ ನಿಯಮದ ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿ, ನಿಧಾನವಾಗಿ ಪುಟ ತಿರುವಿದರು. ಕ್ಯಾಪ್ಟನ್ನರ ಜಾಕೆಟ್ಟಿನ ಮೇಲಿನ ಹುಲಿಯನ್ನು ನೋಡಲು ಬಗ್ಗಿದರು. ತಟ್ಟನೆ ನೆಟ್ಟಗಾಗಿ, ಕೆಮ್ಮಿ, ಅರ್ಧ ನಿಮಿಷ ಆಕಾಶ ನೋಡಿದರು.

"ಎದೆ ಮೇಲೆ ಲಾಂಛನ ಇರ್ಬಹುದು ಅಂತ ಇದೆ," ಎಂದರು. "ಅದನ್ನ ನೋಡಿ ಎದುರಾಳಿ ನಗಬಾರದು ಅಂತ ಎಲ್ಲೂ ಇಲ್ಲಮ್ಮ. ಹಗ್ಗ ಹಿಡೀರಿ."

ಎರಡನೆಯ ಎಳೆತಕ್ಕೆ ಬ್ಯಾಂಕಿನವರು ಎಂಟೂ ಜನ ಕಣ್ಣು ಮುಚ್ಚಿಕೊಂಡರು, ಗೆದ್ದರು. ಒಂದಕ್ಕೊಂದು ಸಮ, ಇನ್ನು ಕೊನೆಯ ಎಳೆತ. ಮೂರನೆಯದಕ್ಕೂ ಅವರು ಕಣ್ಣು ಮುಚ್ಚಿದರು. ಹಗ್ಗ ಇತ್ತಲೂ ಇಲ್ಲ, ಅತ್ತಲೂ ಇಲ್ಲ, ನಡುಗುತ್ತಾ ನಿಂತಿತು. ಅಷ್ಟರಲ್ಲಿ ಅವರ ನಾಲ್ಕನೆಯವಳು ಎಲ್ಲಿಗೆ ಬಂತೆಂದು ನೋಡಲು ಒಂದೇ ಒಂದು ಕಣ್ಣು ತೆರೆದಳು. ಅದು ಬಿದ್ದದ್ದು ನೇರವಾಗಿ ಸ್ಟಾಂಪ್ ಕೌಂಟರಿನ ಹುಲಿಯ ಮಚ್ಚೆಯ ಮೇಲೆ. ಮುಗಿಯಿತು, ಪಂದ್ಯ ಅಂಚೆಯವರದು.

ಚಿಕ್ಕಪ್ಪ ನನ್ನನ್ನು ಎತ್ತಲು ಹೋಗಿ, ಸೊಂಟ ಹಿಡಿದುಕೊಂಡು, ಮತ್ತೆ ಇಳಿಸಿದರು.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವಾಗಲೇ ಮೆಟ್ಟಿಲ ಮೇಲೆ ಬ್ಯಾಂಕಿನ ನಾಯಕಿ ಕೂತಿದ್ದಳು, ತೊಡೆಯ ಮೇಲೆ ಎಂಟು ನೀಲಿ ಜಾಕೆಟ್. ಚಿಕ್ಕಮ್ಮ ಬೀಗ ತೆಗೆದವಳೇ ಫೋನಿಗೆ ಹೋದಳು. "ಭಾವ, ಹುಡುಗ ನಿಮ್ಮ ಪೈಪ್ ಅಂಗಡಿಗೆ ಬರಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಇಲ್ಲ, ಇವನಿಗೆ ಇಲ್ಲೇ ಕೆಲಸ ಇದೆ," ಎಂದಳು. ನಾನು ಹೋಗಿ ಕುರ್ಚಿಯಲ್ಲಿ ಕೂತೆ. ಯಾರೂ ಎಬ್ಬಿಸಲಿಲ್ಲ.

ನಾಯಕಿ ಸ್ಟೂಲಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು. "ನಮಗೆ ಗೂಳಿ ಬೇಕು. ಎಂಟು ಗೂಳಿ, ಎಂಟು ಮುಖ. ಆದರೆ ಒಂದು ಮಾತು. ನೋಡಿದೋರಿಗೆ ನಗು ಬರಬಾರದು. ಮಾಡ್ತೀಯಾ?"

"ಮಾಡ್ತೀನಿ ಮೇಡಂ," ಎಂದು ಮೌಸ್ ಹಿಡಿದು, ಅವಳಲ್ಲಿ ಒಂದೇ ಒಂದು ಗುರುತು ಹುಡುಕಲು ತಲೆ ಎತ್ತಿದೆ. ಅವಳು ಗಂಭೀರವಾಗಿ ಕಾಣಲೆಂದು ಮೂಗಿನ ಎರಡೂ ಹೊಳ್ಳೆಗಳನ್ನು ಅರಳಿಸಿ, ಉಸಿರು ಬಿಗಿಹಿಡಿದು, ನನ್ನನ್ನೇ ನೋಡುತ್ತಿದ್ದಳು.

ನಾನು ಮೇಜಿನ ಕೆಳಗೆ ಬಗ್ಗಿ, ಬೀಳದೇ ಇದ್ದ ದಾರದ ಬಾಬಿನ್ ಒಂದನ್ನು ತುಂಬಾ ಹೊತ್ತು ಹುಡುಕಿದೆ.